ಭಾನುವಿನ ಮೊಲಕ್ಕೆ ನಾನು ಹಾಕಿದ ಪುಡಿ

ಹಸು ಮೇವು ಬಿಟ್ಟರೆ ಊರೆಲ್ಲ ಬಂದು ನೋಡುತ್ತದೆ. ಮೊಲ ಮೇವು ಬಿಟ್ಟರೆ ಯಾರು ನೋಡುತ್ತಾರೆ? ನಾನೂ ನೋಡಲಿಲ್ಲ.

ನಮ್ಮದು ಕೈಲಾಂಚದ ಹತ್ತಿರ ಒಂದು ಹಳ್ಳಿ. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ವ್ಯಾನ್ ಹತ್ತಿದರೆ ನಾನು ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಮಗಳು ಭಾನುಪ್ರಿಯ ಐದನೇ ಕ್ಲಾಸು. ಅವಳ ಸೋದರಮಾವ ತಂದುಕೊಟ್ಟ ಎರಡು ಬಿಳಿ ಮೊಲ, ಗುಂಡ ಮತ್ತು ಚಿನ್ನಿ, ಹುಳುವಿನ ಮನೆಯ ಮೂಲೆಯಲ್ಲಿ ಪಂಜರದಲ್ಲಿದ್ದವು. ಶಾಲೆಯಿಂದ ಬಂದ ಮಗುವಿಗೆ, ಅಜ್ಜಿ ತೋಟದಿಂದ ಬರುವ ತನಕ, ಮಾತಾಡಲು ಅವೆರಡೇ.

ಒಂದು ದಿನ ಭಾನು ಹೇಳಿದಳು: "ಅಮ್ಮ, ಗುಂಡನ್ ಕಿವಿ ಅಂಚಿಗೆಲ್ಲ ಹಕ್ಕಳೆ ಕಟ್ಟೈತೆ. ಮೂಗಿನ್ ಮ್ಯಾಲೂ ಐತೆ. ಕೆರ್ಕೊಂಡ್ ಕೆರ್ಕೊಂಡ್ ಕೂದ್ಲೆಲ್ಲ ಉದ್ರೋಯ್ತೈತೆ."

ನಮ್ಮತ್ತೆ ದೊಡ್ಡಲಕ್ಷ್ಮಮ್ಮ ಬಗ್ಗಿ ನೋಡಿದರು. "ಅಯ್ಯೋ ಸುಮ್ಕಿರು ಮಗ, ಹುಳ ಪೊರೆ ಬುಡಲ್ವಾ? ಇದೂ ಹಂಗೇಯ. ಪೊರೆ ಬುಡೋವಾಗ ಮುಟ್ಬಾರ್ದು, ಸೊಪ್ಪೂ ಹಾಕ್ಬಾರ್ದು."

ನನಗೂ ಸರಿ ಅನ್ನಿಸಿತು. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು ಅಲ್ಲಾಡದೆ ಕೂರುತ್ತದೆ. ಗುಂಡನೂ ಹಾಗೇ ಮೇವು ಮುಟ್ಟದೆ ಮೂಲೆ ಹಿಡಿದು ಕೂತಿತ್ತು. ಚಿನ್ನಿಯನ್ನು ಹೊರಗೆ ಬಿಟ್ಟು ಮೇವು ಹಾಕಿದೆವು, ಗುಂಡನಿಗೆ ಎರಡು ದಿನ ಏನೂ ಹಾಕಲಿಲ್ಲ.

ಫ್ಯಾಕ್ಟರಿಯಲ್ಲಿ ಊಟದ ಹೊತ್ತು ಪಕ್ಕದ ಮಿಷನ್ನಿನ ಸಾಬಿರಾಗೆ ಹೇಳಿದೆ. ಅವಳ ಅಣ್ಣ ಚನ್ನಪಟ್ಟಣದಲ್ಲಿ ಮೊಲ ಸಾಕುತ್ತಾನೆ.

"ಲತಕ್ಕ, ಪೊರೆನೂ ಅಲ್ಲ ಗಿರೆನೂ ಅಲ್ಲ, ಅದು ಕಜ್ಜಿ! ಕಣ್ಣಿಗ್ ಕಾಣ್ದಿರೋ ಹುಳ ಚರ್ಮ ಕೊರೀತವೆ. ದನದಾಸ್ಪತ್ರೆಗ್ ತಗೊಂಡೋಗಿ, ಸೂಜಿ ಹಾಕ್ತಾರೆ."

"ಮೊಲ ಎತ್ಕೊಂಡ್ ಆಸ್ಪತ್ರೆಗ್ ಹೋದ್ರೆ ಜನ ನಗಾಕಿಲ್ವಾ? ಮಗ್ಳಿಗ್ ಜ್ವರ ಬಂದಾಗ್ಲೇ ಸೂಪರ್‌ವೈಸರು ರಜಾ ಕೊಡ್ಲಿಲ್ಲ. ಮೊಲಕ್ ಕೊಟ್ಟಾನಾ?"

"ನಗೋರು ನಗ್ಲಿ ಬುಡಿ, ಹಲ್ಲು ಅವರ್ದು. ಅಲ್ಲೀಗಂಟ ಏನೂ ಬಳೀಬ್ಯಾಡಿ ಅಕ್ಕ. ಮೊಲ ಮೈಯೆಲ್ಲ ನೆಕ್ಕೊಳ್ತೈತೆ, ಬಳ್ದಿದ್ದೆಲ್ಲ ಹೊಟ್ಟೆಗೇ."

ಬೆಲ್ ಹೊಡೆಯಿತು. ಮಿಷನ್ ಮುಂದೆ ಕೂತೆ. ಅವಳ ಮಾತು ಅಲ್ಲೇ ಉಳಿಯಿತು.

ಹುಳು ಪೊರೆ ಬಿಟ್ಟು ಎದ್ದ ಮೇಲೆ ರೋಗ ಬರದಿರಲೆಂದು ಸುಣ್ಣ ಬೆರೆತ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಉದುರಿಸುತ್ತೇವಲ್ಲ, ಭಾನುವಾರ ಅದನ್ನೇ ಗುಂಡನ ಮೇಲೆ ಉದುರಿಸಿದೆ. ಹಕ್ಕಳೆ ಕಿತ್ತ ಹಸಿ ಗಾಯಕ್ಕೆ ಬೆರಳಿನಿಂದ ತಿಕ್ಕಿದೆ.

"ಅಮ್ಮ, ಬುಡಮ್ಮ! ಅದ್ಕೆ ಉರೀತೈತೆ!" ಭಾನು ನನ್ನ ಕೈ ಎಳೆದಳು.

"ಉರುದ್ರೇನೇ ವಾಸಿ ಆಗೋದು, ಸುಮ್ನಿರೇ" ಎಂದು ಗದರಿದೆ.

ಸೋಮವಾರ ಬೆಳಿಗ್ಗೆ ಗುಂಡನ ತುಟಿ ಊದಿ, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಅವತ್ತು ಕೆಲಸದ ವ್ಯಾನ್ ಹತ್ತಲಿಲ್ಲ. ಎರಡೂ ಮೊಲವಿದ್ದ ಪಂಜರ ಹೊತ್ತು, ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ರಾಮನಗರದ ಪಶು ಆಸ್ಪತ್ರೆಗೆ ಹೋದೆ. ಯಾರೂ ನಗಲಿಲ್ಲ.

"ಈ ಪುಡಿ ಹಾಕಿದ್ದು ಯಾರಮ್ಮ?" ಡಾಕ್ಟರು ಕೇಳಿದರು.

"ನಾನೇ ಸಾರ್. ಅದ್ಕೂ ಮುಂಚೆ ಎರಡ್ ದಿನ ಮೇವೂ ಹಾಕಿರ್ಲಿಲ್ಲ."

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಜ್ಜಿ ವಾಸಿ ಮಾಡಬಹುದಿತ್ತಮ್ಮ. ಆದರೆ ಮೊಲದ ಹೊಟ್ಟೆ ಒಂದು ದಿನ ಖಾಲಿ ಇದ್ದರೂ ಅಪಾಯ. ಅದರ ಮೇಲೆ ಈ ಸುಣ್ಣ ನೆಕ್ಕಿದೆ, ಒಳಗೆಲ್ಲ ಸುಟ್ಟಿದೆ" ಎಂದರು. ಸಣ್ಣ ಕೊಳವೆಯಲ್ಲಿ ಅದರ ಬಾಯಿಗೆ ನೀರು ಬಿಟ್ಟು ನೋಡಿದರು. ಗುಂಡ ಮೇಜಿನ ಮೇಲೆ, ಭಾನುವಿನ ಅಂಗೈಯಲ್ಲಿ ತಲೆಯಿಟ್ಟು ಸತ್ತಿತು.

ಆಮೇಲೆ ಅವರು ಚಿನ್ನಿಯ ಕಿವಿ ಬಿಡಿಸಿ ತೋರಿಸಿದರು. ಅಂಚಿನಲ್ಲಿ ಅದೇ ಹಕ್ಕಳೆ ಶುರುವಾಗಿತ್ತು. ಭಾನುವಿನ ಮುಂಗೈಯಲ್ಲೂ ಕೆಂಪು ಗುಳ್ಳೆ.

"ಮೊಲ ಸುಮ್ಮನೆ ಕೂದಲು ಉದುರಿಸಿದರೆ ಅಡಿಯ ಚರ್ಮ ನುಣ್ಣಗಿರುತ್ತೆ, ಮೇವೂ ತಿನ್ನುತ್ತೆ. ಹಕ್ಕಳೆ, ನವೆ ಇದ್ದರೆ ರೋಗ. ಇವತ್ತು ಒಂದು ಇಂಜೆಕ್ಷನ್ ಕೊಡ್ತೀನಿ. ಹದಿನೈದು ದಿನ ಬಿಟ್ಟು ಮತ್ತೆ ಬರಬೇಕು. ಹಕ್ಕಳೆ ಹೋಯ್ತು ಅಂತ ನಿಲ್ಲಿಸಿದರೆ ತಿರುಗಿ ಬರುತ್ತೆ. ಹಳೇ ಹುಲ್ಲು ಸುಡಿ, ಪಂಜರ ಬಿಸಿನೀರಲ್ಲಿ ತೊಳೆದು ಬಿಸಿಲಿಗಿಡಿ. ಮೊಲಕ್ಕೆ ಮಾತ್ರ ಸ್ನಾನ ಬೇಡ. ಮಗುವಿನ ಕೈಯನ್ನು ಮನುಷ್ಯರ ಡಾಕ್ಟರಿಗೆ ತೋರಿಸಿ."

ಮನೆಗೆ ಬಂದಾಗ ಅತ್ತೆ ಪಂಜರದಲ್ಲಿ ಗುಂಡನಿಲ್ಲದ್ದು ನೋಡಿ ಜಗಲಿಯ ಮೇಲೆ ಕೂತರು. "ಪೊರೆ ಅಂದ್ಕಂಬುಟ್ಟೆ ಕಣವ್ವ. ಮಗೀನ್ ಬಾಯ್ ಮುಚ್ಚಿಸ್ಬುಟ್ಟೆ." ಮುಂದಿನ ಸೂಜಿಯ ದಿನ ನನಗಿಂತ ಮೊದಲು ಪಂಜರ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿದ್ದವರು ಅವರೇ.

ಚಿನ್ನಿ ಉಳಿದಿದೆ. ಕಿವಿಯ ಮೇಲೆ ಹೊಸ ಕೂದಲು ಬಂದಿದೆ. ಆದರೆ ಇವತ್ತಿಗೂ ನಾನು ಪಂಜರದ ಹತ್ತಿರ ಹೋದರೆ ಭಾನು ಓಡಿಬಂದು ಅಡ್ಡ ನಿಲ್ಲುತ್ತಾಳೆ.

"ನೀನ್ ಮುಟ್ಬ್ಯಾಡಮ್ಮ."

ಮೊಲ ಸಾಕಿರುವ ಅಕ್ಕಂದಿರೇ, ತಂಗಿಯರೇ, ಹುಳುವಿನ ಪುಡಿ, ಸೀಮೆಎಣ್ಣೆ, ನಾಯಿಗೆ ಹಾಕುವ ಔಷಧಿ ಯಾವುದನ್ನೂ ಮೊಲಕ್ಕೆ ಬಳಿಯಬೇಡಿ. ಮೇವು ಬಿಟ್ಟರೆ ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ಪುರುಸೊತ್ತು ನನಗೂ ಇರಲಿಲ್ಲ, ನಿಮಗೂ ಇರುವುದಿಲ್ಲ, ಗೊತ್ತು. ಈ ಕಾಗದ ಕೆಳಗಿಟ್ಟು, ಈಗಲೇ ಎದ್ದು ನಿಮ್ಮ ಮೊಲದ ಕಿವಿ ಬಿಡಿಸಿ ನೋಡಿ.