ಒಬ್ದುಲಿಯಾ ಹೊತ್ತ ಮಣ್ಣು

"ಕಸದ ಮುಂಡೆ! ನಿನ್ ಹೊಲದಾಗೆ ಹಾವು ಮರಿ ಹಾಕ್ತವೆ, ನಮ್ ಮಕ್ಕಳನ್ನ ಕಚ್ತವೆ. ಬೆಂಕಿ ಹಾಕೇ!"

ಬೇಲಿಯಾಚೆಯಿಂದ ನೆರೆಮನೆಯ ಕಾಯೆತಾನಾ ಕೂಗುತ್ತಿದ್ದಳು. ಒಬ್ದುಲಿಯಾ ತಲೆಯೆತ್ತಲಿಲ್ಲ. ಮಚ್ಚಿನಿಂದ ಕೊಂಬೆ ಸವರಿ, ಸೊಪ್ಪನ್ನು ಇಳಿಜಾರಿಗೆ ಅಡ್ಡಲಾಗಿ ಹಾಸುತ್ತಲೇ ಇದ್ದಳು. ಬಿತ್ತನೆಗೆ ಮೊದಲು ಲೆಂಪಿರಾ ಸೀಮೆಯ ಗುಡ್ಡಗಳೆಲ್ಲ ಸುಟ್ಟು ಕರ್ರಗಾಗಿದ್ದವು. ಸುಡದೆ ಉಳಿದದ್ದು ಅವಳ ಗೇಣಿ ಹೊಲ ಒಂದೇ.

ಸುಡಬೇಡಿ ಎಂದು ಕಲಿಸಿದವನು ಪಟ್ಟಣದ ಇಂಜಿನಿಯರ್ ವಿಲ್ಮರ್. ಮರದ ಬುಡ ಕಡಿಯದೆ ತಲೆ ಸವರಿ, ಸೊಪ್ಪು ಹಾಸಿದರೆ ಮಣ್ಣು ನಿಲ್ಲುತ್ತದೆ, ಮಳೆ ಹೆಚ್ಚಾದರೂ ಕಡಿಮೆಯಾದರೂ ಜೋಳ ಕೈಗೆ ಬರುತ್ತದೆ ಎಂದಿದ್ದ. ಊರೆಲ್ಲ ತಲೆಯಾಡಿಸಿತ್ತು. ಮೊದಲ ವರ್ಷ ಫಸಲು ಇಳಿದಾಗ ಎಲ್ಲರೂ ಬೆಂಕಿಪೊಟ್ಟಣಕ್ಕೆ ಮರಳಿದರು. ವಿಲ್ಮರ್ ಬರುವುದೂ ನಿಂತಿತು.

ಒಬ್ದುಲಿಯಾ ಬಿಡಲಿಲ್ಲ. ಮದುವೆಯಾಗದೆ ಉಳಿದವಳು, ಬೇಡವೆನ್ನಲು ಮನೆಯಲ್ಲಿ ಯಾರೂ ಇರಲಿಲ್ಲ. ಕೆಲಸಕ್ಕೆ ಪ್ರತಿ ಕೆಲಸವೆಂದು ಅವಳ ಹೊಲಕ್ಕೆ ಮುಯ್ಯಾಳು ಬರುವುದನ್ನು ಜನ ನಿಲ್ಲಿಸಿದರು. ನಲ್ಲಿಯ ಹತ್ತಿರ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಸಂಜೆ ರೊಟ್ಟಿ ತಟ್ಟುತ್ತ, ತನ್ನ ದನಿಯನ್ನಾದರೂ ಕೇಳೋಣವೆಂದು ಒಲೆಯ ಜತೆ ಜಗಳವಾಡುತ್ತಿದ್ದಳು.

ಕಾಯೆತಾನಾ ಬೇಲಿಯಾಚೆ ಕೂಗಿದ ಆ ವರ್ಷ ಬಿರುಗಾಳಿಯ ಮಳೆ ಬಿಡದೆ ಸುರಿಯಿತು. ಸುಟ್ಟ ಇಳಿಜಾರುಗಳು ಜೋಳದ ಸಮೇತ ಹೊಳೆಗೆ ಜಾರಿದವು. ಅವಳ ಹೊಲ ಅಲುಗಲಿಲ್ಲ. ಹೊಗಳಲು ಯಾರೂ ಬರಲಿಲ್ಲ. ಒಂದು ಬುಟ್ಟಿ ತೆನೆ ಮುರಿದು ಕಾಯೆತಾನಾಳ ಬಾಗಿಲಲ್ಲಿಟ್ಟು ಬಂದಳು. ಮರುದಿನ ಖಾಲಿ ಬುಟ್ಟಿ ಬೇಲಿಗೆ ನೇತುಬಿದ್ದಿತ್ತು. 

ಮಳೆ ನಿಂತ ಮೇಲೆ ಒಂದು ದಿನ ಜೀಪು ಬಂತು. ಊರೆಲ್ಲ ಗೌರವಕ್ಕೆ ‘ದೋನ್’ ಎನ್ನುತ್ತಿದ್ದ ಹೊಲದೊಡೆಯ ಎವಾರಿಸ್ತೊ, ಜಾರದೆ ಉಳಿದ ಹೊಲ ನೋಡಲು ಬಂದ ಹೊರದೇಶದ ಅತಿಥಿಗಳನ್ನು ಇಳಿಸಿದ. ಹಿಂದೆ ವಿಲ್ಮರ್.

"ನೋಡಿ, ನನ್ನ ಹೊಲ. ಒಂದು ಹಿಡಿ ಮಣ್ಣು ಹೋಗಿಲ್ಲ. ವರ್ಷಗಟ್ಟಲೆ ದುಡಿದಿದ್ದೀನಿ," ಎಂದ ದೋನ್.

"ದುಡಿದೋಳು ನಾನು ಸ್ವಾಮಿ," ಒಬ್ದುಲಿಯಾ ಮುಂದೆ ಬಂದಳು. "ಈ ಇಂಜಿನಿಯರಪ್ಪನ್ನೇ ಕೇಳಿ."

ವಿಲ್ಮರ್ ಮೊಬೈಲ್ ನೋಡತೊಡಗಿದ.

"ಕೂಲಿಯೋಳು. ಬಾಯಿ ಜಾಸ್ತಿ," ದೋನ್ ನಕ್ಕ. "ಹೋಗೇ, ಕಾಫಿ ಕಾಯ್ಸು."

ಕಾಯಿಸಿದಳು. ಕುಡಿದರು. ಲೋಟ ಹಿಂದಿರುಗಿಸುವಾಗ ವಿಲ್ಮರ್ ಪಿಸುಗುಟ್ಟಿದ: "ತಪ್ಪು ತಿಳೀಬೇಡಕ್ಕಾ. ಅವರನ್ನ ಎದುರು ಹಾಕ್ಕೊಂಡ್ರೆ ನನ್ನ ಕೆಲ್ಸ ಹೋಗುತ್ತೆ."

ಅವಳು ಲೋಟ ತೊಳೆದಳು.

ಹೊರಡುವ ಮುನ್ನ ದೋನ್ ಬಗ್ಗಿ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿದ. "ಕುಯ್ಲಾದ ಮೇಲೆ ಬಿಟ್ಟೋಗು. ಇಲ್ಲಿ ಕಾಫಿ ಗಿಡ ಹಾಕ್ತೀನಿ."

"ನಾನು ಬಂದಾಗ ಇಲ್ಲಿ ಹುಲ್ಲೂ ಹುಟ್ತಿರಲಿಲ್ಲ ದೋನ್."

"ಈಗ ಹುಟ್ತದಲ್ಲ."

ಕುಯ್ಲು ಮುಗಿದ ಮೇಲೆ, ಹಾಡುಹಗಲೇ, ಅವಳು ಚೀಲ ತೆಗೆದುಕೊಂಡು ಹೊಲಕ್ಕಿಳಿದಳು. ಮೇಲ್ಮಣ್ಣನ್ನು ಕೆರೆದು ತುಂಬಿದಳು. ತಲೆಯ ಮೇಲೆ ಹೊತ್ತು ತನ್ನ ಸ್ವಂತ ಗುಡಿಸಲ ಹಿಂದಿನ ಬೋಳು ಬಂಡೆಯ ಮೇಲೆ ಸುರಿದಳು. ಮತ್ತೆ ಇಳಿದಳು. ಮತ್ತೆ ಹತ್ತಿದಳು.

ದೋನನ ಮೇಸ್ತ್ರಿ ನಿಕನೋರ್ ತಾನು ಏರಿದ್ದ ಹೇಸರಗತ್ತೆಯನ್ನು ದಾರಿಗಡ್ಡ ನಿಲ್ಲಿಸಿದ. "ಮಣ್ ಕದಿಯೋಕೂ ಶುರು ಮಾಡಿದ್ಯೇನೇ, ಕಳ್ಳಿ?"

"ನಿನ್ ದಣಿ ನಂಗೆ ಕೊಟ್ಟಿದ್ದು ಕಲ್ಲು ಕಣೋ ಬೇವರ್ಸಿ. ಅವು ಅಲ್ಲೇ ಬಿದ್ದವೆ. ಎಣಿಸ್ಕೊಳ್ಳೋಕೆ ಹೇಳು."

ಅವನು ಕೂತಲ್ಲಿಂದಲೇ ಬೂಟುಗಾಲಿನಿಂದ ಅವಳ ತಲೆಯ ಮೇಲಿನ ಚೀಲಕ್ಕೆ ಒದ್ದ. ಅವಳು ಮುಗ್ಗರಿಸಿದಳು, ಚೀಲ ಹರಿದು ಮಣ್ಣು ದಾರಿಯುದ್ದಕ್ಕೂ ಚೆಲ್ಲಿತು. ಕಾಯೆತಾನಾ ಬೇಲಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಊರೂ ನಿಂತಿತ್ತು. ಯಾರೂ ಕೆಳಗಿಳಿಯಲಿಲ್ಲ.

ಒಬ್ದುಲಿಯಾ ಮಂಡಿಯೂರಿದಳು. ಹೇಸರಗತ್ತೆಯ ಕಾಲುಗಳ ನಡುವೆ ಕೈ ಹಾಕಿ, ಹಿಡಿ ಹಿಡಿಯಾಗಿ ಬಾಚಿ, ಲಂಗದ ಮಡಿಲಿಗೆ ತುಂಬಿಕೊಳ್ಳತೊಡಗಿದಳು.