ಬಾಣಂತಿಯ ನೀಲಗಿರಿ ಎಲೆ

ತ್ರಿಪುರಸುಂದರಿಯವರಿಗೆ ಜಿರಳೆ ಹೊಸದಲ್ಲ. ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಅಷ್ಟೂ ವರ್ಷ ಅವರ ಕೈಯಲ್ಲಿ ಸತ್ತ ಜಿರಳೆಗಳಿಗೆ ಲೆಕ್ಕವಿಲ್ಲ. ಅಟೆಂಡರು ಹಾಸ್ಟೆಲ್ಲಿನ ಅಡುಗೆಮನೆಯಿಂದ ಹಿಡಿದು ತಂದದ್ದನ್ನು ಕ್ಲೋರೋಫಾರ್ಮ್ ಬಾಟಲಿಗೆ ಹಾಕಿಸಿ, ಮೇಣದ ತಟ್ಟೆಯಲ್ಲಿ ಅಂಗಾತ ಮಲಗಿಸಿ, ಗುಂಡುಸೂಜಿ ಚುಚ್ಚಿ, ಲಾಲಾಗ್ರಂಥಿಯನ್ನು ಹರಿಯದಂತೆ ಬಿಡಿಸುವುದು ಹೇಗೆಂದು ಊರಿನ ಅರ್ಧ ಡಾಕ್ಟರುಗಳಿಗೆ ಹೇಳಿಕೊಟ್ಟವರು ಅವರೇ. ಹಾಗಾಗಿ ಜಿರಳೆ ಕಂಡರೆ ಅಂಜಿಕೆಯಿಲ್ಲ, ಅಸಹ್ಯವೂ ಅಷ್ಟಕ್ಕಷ್ಟೆ. ಅಸಹ್ಯವಿದ್ದದ್ದು ಅಳಿಯನ ಮೇಲೆ.

ಮಗಳು ಜ್ಯೋತ್ಸ್ನಾಳ ಬಾಣಂತನಕ್ಕೆಂದು ಅಮೆರಿಕದ ಮಾನ್ಮತ್ ಜಂಕ್ಷನ್‌ಗೆ ಬಂದ ಮರುದಿನವೇ ಗೊತ್ತಾಗಿತ್ತು, ಅಳಿಯ ಸೂರಜ್ ಬೇಸ್‌ಮೆಂಟಿನಲ್ಲಿ ಜಿರಳೆ ಸಾಕುತ್ತಿದ್ದಾನೆಂದು. ನಮ್ಮ ಬಚ್ಚಲಿನ ಜಿರಳೆಯಲ್ಲ. ಆಸ್ಟ್ರೇಲಿಯಾದ್ದು, ರೆಕ್ಕೆಯಿಲ್ಲದ್ದು, ಅಂಗೈ ತುಂಬುವಂಥದ್ದು, ಮರಳಿನೊಳಗೆ ಆಳಕ್ಕೆ ಬಿಲ ತೋಡಿ ಸಂಸಾರ ಹೂಡುವಂಥದ್ದು. ನ್ಯೂಯಾರ್ಕಿನ ಹಣಕಾಸು ಕಂಪನಿಯಲ್ಲಿ ಕೆಲಸವಿದ್ದ ಕಾಲದಲ್ಲಿ ತರಿಸಿದ ಜೋಡಿಯಂತೆ. ಕಳೆದ ಶರತ್ಕಾಲದಲ್ಲಿ ಕಂಪನಿ ಮುಳುಗಿತು. ಜಿರಳೆ ಉಳಿಯಿತು.

ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಹೋಗಿ ಬರುತ್ತಾ ಪಕ್ಕದೂರು ಕೆಂಡಲ್ ಪಾರ್ಕಿನ ಸ್ನೇಹಿತರು ರಾಮ್ ಮತ್ತು ಅವರ ಹೆಂಡತಿ ವಿಜಿ ಮಗು ನೋಡಲು ಬಂದಿದ್ದರು. ತೊಟ್ಟಿಲ ಹತ್ತಿರ ಹೆಂಗಸರು ಕೂತಿದ್ದರೆ, ಸೂರಜ್ ರಾಮ್‌ರನ್ನು ಕೆಳಗೆ ಕರೆದುಕೊಂಡು ಹೋದ. ಮೇಲೆ ಬಂದವರೇ ರಾಮ್ ನಕ್ಕರು.

"ಲೇ ವಿಜಿ, ಈ ಮನೇಲಿ ಇಬ್ಬರು ಬಾಣಂತಿಯರು ಕಣೆ. ಕೆಳಗಿನವಳಿಗೆ ಇಪ್ಪತ್ತು ಚಿಲ್ಲರೆ ಮಕ್ಕಳು."

"ಅಯ್ಯೋ, ಒಂದೇ ಬೆಳ್ಳಿ ಬಟ್ಟಲು ತಂದೆವಲ್ಲ," ಎಂದರು ವಿಜಿ.

ಸೂರಜ್‌ಗೆ ಇದು ತಮಾಷೆ ಅನ್ನಿಸಲೇ ಇಲ್ಲ. "ಮೊಟ್ಟೆ ಇಡಲ್ಲ ಆಂಟಿ, ಮರೀನೇ ಹಾಕತ್ತೆ. ಎಷ್ಟೋ ತಿಂಗಳು ತಾಯೀನೇ ಎಲೆ ಎಳಕೊಂಡು ಹೋಗಿ ತಿನ್ನಿಸತ್ತೆ. ವೆರಿ ಡಿವೋಟೆಡ್ ಮದರ್."

ತ್ರಿಪುರಸುಂದರಿಯವರು ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದರು. ಹುಟ್ಟಿದ ಮಗುವಿಗೆ ಡಯಾಪರ್ ಕಟ್ಟಲು ಬಾರದವನು ಜಿರಳೆಯ ಮಾತೃವಾತ್ಸಲ್ಯದ ಮೇಲೆ ಪ್ರವಚನ ಮಾಡುತ್ತಿದ್ದ.

ಆ ಸಂಜೆ ಮಗುವಿಗೆ ಎಣ್ಣೆ ತಿಕ್ಕುತ್ತಾ ಮಗಳಿಗೆ ಹೇಳಿದರು. "ನಾಮಕರಣದೊಳಗೆ ಅವು ಹೊರಗೆ ಹೋಗ್ಬೇಕು, ಜ್ಯೋ. ಕೆಲಸ ಹೋದವರು ಕೆಲಸ ಹುಡುಕ್ತಾರೆ. ಜಿರಳೆ ಬಾಣಂತನ ಮಾಡ್ತಾ ಕೂರಲ್ಲ."

"ಅಮ್ಮ, ನಿಂಗೆ ಗೊತ್ತಿಲ್ಲ." ಜ್ಯೋತ್ಸ್ನಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕಂಪನಿ ಹೋದ್ಮೇಲೆ ಸೂರಜ್ ಹಾಸಿಗೆಯಿಂದ ಏಳ್ತಾನೇ ಇರ್ಲಿಲ್ಲ. ಸ್ನಾನ ಇಲ್ಲ, ಮಾತಿಲ್ಲ. ಗೋಡೆ ಕಡೆ ತಿರುಗಿ ಮಲಗಿರೋನು. ಆಮೇಲೆ ಅದು ಬಸುರಿ ಅಂತ ಗೊತ್ತಾಯ್ತು. ಅದಕ್ಕೆ ಎಲೆ ಹಾಕ್ಬೇಕು ಅಂತ ಬೆಳಿಗ್ಗೆ ಏಳೋಕೆ ಶುರು ಮಾಡಿದ. ಅವು ಹೋದ್ರೆ ಮತ್ತೆ ಮಲಗ್ತಾನೆ. ಈ ಸಲ ನಂಗೆ ಎಬ್ಬಿಸೋ ಶಕ್ತಿ ಇಲ್ಲ."

ಹೆಂಡತಿ ಬಸುರಿ ಅಂತ ಏಳದವನು ಜಿರಳೆ ಬಸುರಿ ಅಂತ ಎದ್ದನೇ? ಮಾತು ತುಟಿಯವರೆಗೆ ಬಂದಿತ್ತು. ಮಗಳ ಮುಖ ನೋಡಿ ನುಂಗಿಕೊಂಡರು.

ಆ ಅಳಿಯ ಒಂದೇ ಒಂದು ಬುದ್ಧಿಯ ಕೆಲಸ ಮಾಡಿದ್ದಾನೆಂದು ಅವರು ಅಷ್ಟು ದಿನ ನಂಬಿದ್ದರು. ಬಾಣಂತಿಗೆ ಎರೆಯುವ ನೀರಿಗೆ ನೀಲಗಿರಿ ಸೊಪ್ಪಿಲ್ಲವಲ್ಲ ಎಂದು ಕೊರಗುತ್ತಿದ್ದಾಗ, ಗ್ಯಾರೇಜಿನಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆಯ ತುಂಬ ಒಣಗಿದ ನೀಲಗಿರಿ ಎಲೆ ಸಿಕ್ಕಿತ್ತು. ಪರವಾಗಿಲ್ಲ, ಅಷ್ಟಾದರೂ ಯೋಚನೆ ಮಾಡಿ ತರಿಸಿಟ್ಟಿದ್ದಾನೆ ಎಂದುಕೊಂಡು ದಿನವೂ ಹಿಡಿಹಿಡಿಯಾಗಿ ಕುದಿಸಿ ಮಗಳಿಗೆ ಎರೆದರು. ಅಮ್ಮ ಊರಿಂದಲೇ ತಂದಿರಬೇಕೆಂದುಕೊಂಡು ಜ್ಯೋತ್ಸ್ನಾ ಕೇಳಲಿಲ್ಲ. ಬಾಣಂತಿ ಮಿಂದ ಸೊಪ್ಪನ್ನು ಕಸದ ಡಬ್ಬಿಗೆ ಹಾಕಬಾರದೆಂದು ಹಿತ್ತಲಿನ ಮೇಪಲ್ ಮರದ ಬುಡಕ್ಕೆ ಸುರಿಯುತ್ತಿದ್ದರು.

ಬೇಸ್‌ಮೆಂಟಿನಲ್ಲಿದ್ದ ಎಲೆ ತೀರಿದ ದಿನ ಸೂರಜ್ ಗ್ಯಾರೇಜಿನಿಂದ ಖಾಲಿ ಪೆಟ್ಟಿಗೆ ಹಿಡಿದು ಅಡುಗೆಮನೆಗೆ ಬಂದ.

"ಅತ್ತೆ, ಇದರಲ್ಲಿ ಎಲೆ ಇತ್ತು."

"ಹೌದು. ಬಾಣಂತಿಗೆ ಅಂತ ತಾನೆ ನೀವು ತರಿಸಿದ್ದು?"

ಅವನು ಪೆಟ್ಟಿಗೆಯೊಳಗೆ ನೋಡುತ್ತಾ ನಿಂತ. "ಅವು ತಿನ್ನೋದು ಇದನ್ನೇ."

"ಅಂಗಡೀಲಿ ತನ್ನಿ."

"ಇಲ್ಲಿ ಹೂವಿನ ಅಂಗಡೀಲಿ ಸಿಗೋದಕ್ಕೆ ಕೆಮಿಕಲ್ ಹಾಕಿರ್ತಾರೆ. ಇದು ಕ್ಯಾಲಿಫೋರ್ನಿಯಾದಿಂದ ಬರ್ಬೇಕು. ಸ್ನೋ ಸ್ಟಾರ್ಮ್ ಅಂತ ಎಲ್ಲಾ ಡಿಲೇ. ದೊಡ್ಡವು ತಡ್ಕೋತವೆ. ಮರಿಗಳು ತಡೆಯಲ್ಲ."

ಬೈಯಲಿಲ್ಲ. ಬೈದಿದ್ದರೆ ಅವರೂ ನಾಲ್ಕು ಮಾತು ಆಡಬಹುದಿತ್ತು. ಪೆಟ್ಟಿಗೆಯನ್ನು ನೀಟಾಗಿ ಮಡಿಸಿ ಗೋಡೆಗೆ ಒರಗಿಸಿಟ್ಟು ಮೇಲೆ ಹೋದ. ಮರುದಿನ ಏಳಲಿಲ್ಲ. ಅದರ ಮರುದಿನವೂ ಇಲ್ಲ.

"ಗೋಡೆ ಕಡೆ ತಿರುಗಿದ್ದಾನೆ ಅಮ್ಮ," ಎಂದಳು ಜ್ಯೋತ್ಸ್ನಾ. ಅವಳ ತಟ್ಟೆಯಲ್ಲಿದ್ದ ಮೆಣಸಿನ ಸಾರನ್ನ ಹಾಗೇ ಇತ್ತು.

ಮಗು ಮಲಗಿದ ಮೇಲೆ ತ್ರಿಪುರಸುಂದರಿಯವರು ಮೊದಲ ಸಲ ಬೇಸ್‌ಮೆಂಟಿಗೆ ಇಳಿದರು. ಪ್ರೀತಿಯಿಂದಲ್ಲ. ಸತ್ತಿದ್ದರೆ ಎತ್ತಿ ಹಾಕುವವರು ಯಾರಾದರೂ ಬೇಕಲ್ಲ.

ಗಾಜಿನ ತೊಟ್ಟಿಯ ತುಂಬ ಮರಳು. ಬಿಲ ಗಾಜಿಗೆ ತಾಗಿದಂತೆ ಇಳಿದಿದ್ದರಿಂದ ಒಳಗಿನದೆಲ್ಲ ಕಾಣುತ್ತಿತ್ತು. ತಳದಲ್ಲಿ ಹುಣಸೆಬೀಜದಂಥ ಮರಿಗಳು ಗುಂಪಾಗಿದ್ದವು. ತಾಯಿ ಮೇಲೆ ಬಂದು ಮೀಸೆಯಿಂದ ಮರಳನ್ನು ಸವರುತ್ತಾ ಸುತ್ತಿತು. ಸಿಕ್ಕಿದ್ದು ಒಂದು ಎಲೆಯ ತೊಟ್ಟು. ಅದನ್ನೇ ಕಚ್ಚಿಕೊಂಡು ಹಿಮ್ಮುಖವಾಗಿ ಬಿಲಕ್ಕೆ ಇಳಿಯಿತು. ಮರಿಗಳು ಮುತ್ತಿಕೊಂಡವು. ಅಷ್ಟರಲ್ಲೇ ಅದು ಮತ್ತೆ ಮೇಲೆ ಬಂದು ಹುಡುಕತೊಡಗಿತು.

ಜಿರಳೆಯ ಒಳಗೆ ಏನೇನಿದೆ ಎಂದು ಅವರು ಕಣ್ಣು ಮುಚ್ಚಿ ಹೇಳಬಲ್ಲರು. ಜೀವವಿರುವ ಜಿರಳೆಯನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಸ್ವಲ್ಪ ಹೊತ್ತು ಅವರ ಸಿಟ್ಟಿಗೆ ದಿಕ್ಕು ತೋಚಲಿಲ್ಲ. ಆಮೇಲೆ ಹಳೆಯ ದಿಕ್ಕೇ ಸಿಕ್ಕಿತು. ಅಷ್ಟು ದೊಡ್ಡ ಡಿಗ್ರಿ ಇಟ್ಟುಕೊಂಡವನಿಗೆ ಕುದಿಸಿದ ಎಲೆ ಎಲ್ಲಿ ಹೋಯಿತು ಎಂದು ಕೇಳಬೇಕೆಂದು ಹೊಳೆಯಲಿಲ್ಲವಲ್ಲ. ಗೋಡೆಗೆ ತಿರುಗುವುದು ಸುಲಭ.

ಸೀರೆಯ ಮೇಲೆ ಅಳಿಯನ ಜಾಕೆಟ್ ತೊಟ್ಟು, ಅವನದೇ ಬೂಟಿನೊಳಗೆ ಕಾಲಿಟ್ಟು ಹಿತ್ತಲಿಗೆ ಹೋದರು. ಮೇಪಲ್ ಬುಡದಲ್ಲಿ ಗಟ್ಟಿಯಾಗಿದ್ದ ಸ್ನೋವನ್ನು ಸಲಿಕೆಯಿಂದ ಒಡೆದರು. ಅಡಿಯಲ್ಲಿ ಎಲೆಯ ರಾಶಿ ಹೆಪ್ಪುಗಟ್ಟಿ ಕೂತಿತ್ತು. ಪಾತ್ರೆಗೆ ತುಂಬಿ ತಂದು, ಕರಗಿಸಿ, ಹಿಂಡಿ, ಓವನ್ ತಟ್ಟೆಯಲ್ಲಿ ಹರವಿ ಸಣ್ಣ ಕಾವಿನಲ್ಲಿ ಒಣಗಿಸಿದರು. ಮನೆಯೆಲ್ಲ ನೀಲಗಿರಿ ವಾಸನೆ ಹರಡಿತು. ಮೇಲಿನ ಕೋಣೆಯ ಬಾಗಿಲ ಸದ್ದಾಯಿತು.

ಸೂರಜ್ ಗಡ್ಡ, ಕೆದರಿದ ಕೂದಲಿನಲ್ಲೇ ಇಳಿದು ಬಂದ. "ಏನಿದು ಅತ್ತೆ?"

"ನಿಮ್ಮ ಮಕ್ಕಳ ಊಟ."

"ಕುದಿಸಿದ್ದು ತಿನ್ನತ್ತಾ?"

"ಕಾಡಲ್ಲಿ ಮಳೆಗೆ ನೆನೆದದ್ದು ತಿನ್ನಲ್ವಾ? ಅದರ ಘಾಟು ಹೋಗಿದೆ, ನಾರು ಎಲ್ಲೂ ಹೋಗಿಲ್ಲ. ಹಿಡೀರಿ ತಟ್ಟೆ."

ಇಬ್ಬರೂ ಕೆಳಗಿಳಿದರು. ಅವನು ಮರಳಿನ ಮೇಲೆ ಎಲೆ ಉದುರಿಸಿದ. ತಾಯಿ ಬಂತು, ಮೀಸೆ ತಾಗಿಸಿತು, ತಿರುಗಿ ಹೋಯಿತು. ಸೂರಜ್ ಕಣ್ಣು ಮುಚ್ಚಿಕೊಂಡ. ತ್ರಿಪುರಸುಂದರಿಯವರು ಮುಚ್ಚಲಿಲ್ಲ, ಲ್ಯಾಬಿನಲ್ಲಿ ಅವರಿಗೆ ಆ ಅಭ್ಯಾಸವಿರಲಿಲ್ಲ. ಅದು ಇನ್ನೊಂದು ಸುತ್ತು ಹಾಕಿ ಬಂದು ಎಲೆಯನ್ನು ಕಚ್ಚಿ ಬಿಲದೊಳಗೆ ಎಳೆದುಕೊಂಡಿತು.

"ತಗೊಂಡಿತಾ?"

"ಹೆತ್ತಿದೆ. ತಗೊಳ್ಳದೆ ಏನು ಮಾಡತ್ತೆ?" ಎಂದರು. "ನಾಮಕರಣದ ದಿನ ಈ ಬಾಗಿಲಿಗೆ ಬೀಗ ಬೀಳ್ಬೇಕು. ಇನ್ನು ಬರೋ ಎಲೆಯೆಲ್ಲ ಇವಕ್ಕೇ ಇರ್ಲಿ, ಜ್ಯೋಗೆ ಬರೀ ಬಿಸಿನೀರು, ನಾಳೆಯಿಂದ ಕಾಯಿಸೋದು ನೀವು. ಈಗ ಹೋಗಿ ಹಲ್ಲುಜ್ಜಿ."

ಮೇಲೆ ಮಗು ಎದ್ದು ಅಳತೊಡಗಿತು. ಸೂರಜ್ ಎರಡೆರಡು ಮೆಟ್ಟಿಲು ದಾಟಿ ಓಡಿದ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಮೇಲೆ ಅತ್ತಿಂದಿತ್ತ ನಡೆದಾಡುವ ಸದ್ದು.

ಹಲ್ಲನ್ನೂ ಉಜ್ಜದೆ ಎತ್ತಿಕೊಂಡಿದ್ದಾನೆ, ಎಂದು ತ್ರಿಪುರಸುಂದರಿಯವರು ಮೂಗು ಮುರಿದು, ತಟ್ಟೆಯಲ್ಲಿ ಉಳಿದಿದ್ದ ಎಲೆಯನ್ನೂ ಮರಳಿನ ಮೇಲೆ ಕೊಡವಿದರು.