ರಾಜನ ಮೇಲೆ ಹೊರಿಸಿದ್ದು

ಶವಪೆಟ್ಟಿಗೆ ಬಸ್ಸಿನ ಹೊಟ್ಟೆಯೊಳಗೆ ಅರ್ಧ ಹೋಗಿತ್ತು. ಅಷ್ಟರಲ್ಲಿ ಹಳೇ ಕೇರಿಯ ಪಕ್ಕದ ಮನೆಯ ಗೊಂಚೊನ್ ಚಿಕ್ಕಮ್ಮ ಎಲ್ಲಿಂದಲೋ ನುಗ್ಗಿ ಬಂದು ಅದಕ್ಕೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಹಿಡಿದುಕೊಂಡುಬಿಟ್ಟಳು.

"ಯಾವ ಕಡೆಯಿಂದ ಹೋಗುತ್ತೆ ಬಸ್ಸು? ಮೊದ್ಲು ಅದು ಹೇಳಿ. ದಿಬ್ಬದ ಕಡೆಯಿಂದ ಆದ್ರೆ ನಾನು ಬಿಡಲ್ಲ."

ಹೊತ್ತವರು ನಿಂತರು. ಬಿಳಿ ಕೈಗವಸು ತೊಟ್ಟ ಡ್ರೈವರ್ ಜೊಂಗ್‌ಹೀಯ ಮುಖ ನೋಡಿದ. ಅಮ್ಮನ ಶವ ಇಟ್ಟಿದ್ದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂರು ದಿನ, ಸಾವಿಗೆ ಬಂದವರಿಗೆಲ್ಲ ಖಾರದ ಸಾರು ಬಡಿಸಿ, ಪ್ರತಿಯೊಬ್ಬರಿಗೂ ಮಂಡಿಯೂರಿ ತಲೆಬಾಗಿ, ಜೊಂಗ್‌ಹೀಯ ಕಾಲುಗಳು ಸೋತುಹೋಗಿದ್ದವು. ಅಮ್ಮನನ್ನು ಕಳಿಸುವ ದಿನ ಜಗಳಕ್ಕೆ ನಿಲ್ಲುವ ತ್ರಾಣ ಅವಳಲ್ಲಿರಲಿಲ್ಲ. ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ.

"ದಿಬ್ಬದ ಕಡೆಯಿಂದಲೇ ಹೋಗುತ್ತೆ ಚಿಕ್ಕಮ್ಮ. ಹಳೇ ಮನೆ ಇದ್ದ ಕಡೆ ಸ್ವಲ್ಪ ಹೊತ್ತು ನಿಲ್ಲಿಸ್ತೀವಿ. ಹೋಗೋರನ್ನ ಅವರ ಮನೆ ಮುಂದೆ ನಿಲ್ಲಿಸದೆ ಕರ್ಕೊಂಡು ಹೋಗೋದುಂಟಾ?"

"ಮನೆ ಎಲ್ಲಿದ್ಯೇ ಅಲ್ಲಿ? ಬರೀ ಹುಲ್ಲು. ಹುಲ್ಲಿನ ಕೆಳಗೆ ರಾಜ. ಬದುಕಿದ್ದಾಗ ಅವನ ಕೈಗೆ ಸಿಕ್ಕಿ ಅನುಭವಿಸಿದ್ದು ಸಾಲ್ದಾ ನಿಮ್ಮಮ್ಮಂಗೆ? ಸತ್ತ ಮೇಲೂ ಅವನ ಕಣ್ಣಿಗೆ ಬೀಳಿಸ್ಬೇಕಾ?"

ಅಮ್ಮನ ಭಾವಚಿತ್ರ ಎದೆಗೊತ್ತಿ ನಿಂತಿದ್ದ ತಮ್ಮ ಗ್ವಾಂಗ್‌ಸು ಮೆಲ್ಲಗೆ ಹೇಳಿದ: "ಹೋಗ್ಲಿ ಬಿಡಕ್ಕ. ಹೊರಗಿನ ರಸ್ತೆ ಹಿಡಿದ್ರೆ ಬೇಗಾನೂ ಆಗುತ್ತೆ."

"ನೀನು ಸುಮ್ನಿರೋ." ಜೊಂಗ್‌ಹೀ ಚಿಕ್ಕಮ್ಮನ ಕಡೆ ತಿರುಗಿದಳು. "ನಮ್ಮಮ್ಮ ಗೋರಿ ಕಳ್ಳಿ ಅಲ್ಲ. ಕೂಲಿ ಮಾಡಿದ್ಲು, ಅಷ್ಟೇ. ಬಟ್ಟೆ ಬಿಡಿ."

ಚಿಕ್ಕಮ್ಮನ ಮಗ, ಐವತ್ತು ದಾಟಿದ ದೊಡ್ಡ ಆಳು, ನಾಚಿಕೆಯಿಂದ ಕೆಂಪಾಗಿ ಮುಂದೆ ಬಂದು ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಪೆಟ್ಟಿಗೆ ಒಳಗೆ ಹೋಯಿತು.

*

ಜೊಂಗ್‌ಹೀಯ ಅಮ್ಮ ದಾಲ್‌ಸುನ್ ಸಮುದ್ರದ ಕಡೆಯ ಗಂಪೊದಿಂದ ಗ್ಯೊಂಗ್‌ಜುವಿಗೆ ಮದುವೆಯಾಗಿ ಬಂದವಳು. ಕೇರಿಯವರಿಗೆಲ್ಲ ಅವಳು ಗಂಪೊದವಳು, ಪಕ್ಕದ ಮನೆಯವಳು ಗೊಂಚೊನ್‌ದವಳು. ತವರೂರಿನ ಹೆಸರೇ ಅವರ ಹೆಸರಾಗಿತ್ತು. ಇಬ್ಬರ ಮನೆಯ ಹಿಂಗೋಡೆಯೂ ಹಿಂದಿನ ಕಾಲದ ರಾಜನೊಬ್ಬನನ್ನು ಹೂತ ಮಣ್ಣಿನ ದಿಬ್ಬಕ್ಕೆ ಒರಗಿಕೊಂಡಿತ್ತು. ದಿಬ್ಬದ ಇಳಿಜಾರಿನಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದರು. ಮಕ್ಕಳು ಹುಲ್ಲಿನ ಚೀಲ ಹಾಸಿಕೊಂಡು ಮೇಲಿಂದ ಜಾರುತ್ತಿದ್ದರು. ಒಳಗೆ ಮಲಗಿದ್ದ ರಾಜ ಯಾರನ್ನೂ ಬೈದಿರಲಿಲ್ಲ. ಹಿಂದೆ ಶತ್ರುಗಳು ಮುತ್ತಿಗೆ ಹಾಕಿದಾಗ ಈ ದಿಬ್ಬದೊಳಗಿಂದಲೇ ಕಿವಿಗೆ ಬಿದಿರೆಲೆ ಸಿಕ್ಕಿಸಿಕೊಂಡ ಸೈನಿಕರು ಎದ್ದು ಬಂದು ಊರು ಉಳಿಸಿ ಮಾಯವಾದರಂತೆ. ಬೆಳಗಾದಾಗ ದಿಬ್ಬದ ಬುಡದಲ್ಲಿ ಬರೀ ಬಿದಿರೆಲೆಯ ರಾಶಿ ಬಿದ್ದಿತ್ತಂತೆ. ಕೇರಿಯ ಮುದುಕರು ಇದನ್ನು ತಾವೇ ಕಂಡವರ ಹಾಗೆ ಹೇಳುತ್ತಿದ್ದರು.

ಆಮೇಲೆ ಸರ್ಕಾರದವರು ಒಳಗಿನ ಹಳೆಯ ವಸ್ತುಗಳಿಗಾಗಿ ದಿಬ್ಬ ಅಗೆಯಲು ಬಂದರು. ಗಂಡ ಕಲ್ಲಿದ್ದಲ ಗಣಿಗೆಂದು ಉತ್ತರಕ್ಕೆ ಹೋಗಿದ್ದ, ಮನೆ ನಡೆಯಬೇಕಿತ್ತು. ದಾಲ್‌ಸುನ್ ಅಗೆತದ ಕೂಲಿಗೆ ಸೇರಿದಳು. ಮಣ್ಣು ಜರಡಿ ಹಿಡಿಯುವುದು ಅವಳ ಕೆಲಸ. ಸಂಜೆ ಮನೆಗೆ ಬಂದು, "ಇವತ್ತು ನೀಲಿ ಮಣಿ ಸಿಕ್ತು ಕಣೇ, ಮೀನಿನ ಕಣ್ಣಿನಷ್ಟು ಚಿಕ್ಕದು. ಯಾವ ತಾಯಿ ಪೋಣಿಸಿದ್ಲೋ" ಎಂದು ಮಕ್ಕಳ ಮುಂದೆ ಹೇಳುತ್ತಿದ್ದಳು.

ಆ ಬೇಸಗೆ ಮಳೆ ಬರಲಿಲ್ಲ. ಗದ್ದೆಗಳು ಬಾಯಿಬಿಟ್ಟವು. ಬಾವಿಯಲ್ಲಿ ಕೊಡ ಇಳಿಸಿದರೆ ಕಲ್ಲು ಸದ್ದು ಮಾಡುತ್ತಿತ್ತು. ರಾಜನ ನಿದ್ದೆ ಕೆಡಿಸಿದ್ದಕ್ಕೇ ಹೀಗಾಯಿತೆಂದು ಸುತ್ತಲಿನ ಹಳ್ಳಿಗಳವರು ದೊಣ್ಣೆ ಹಿಡಿದು ಬಂದು ಅಗೆತದ ಬೇಲಿಯ ಮುಂದೆ ಕೂಗಿದರು.

ಜೊಂಗ್‌ಹೀಗೆ ಆಗ ಒಂಬತ್ತು ವರ್ಷ. ರಜೆಗೆ ತಮ್ಮನ ಜೊತೆ ಗಂಪೊದ ಅಜ್ಜಿಯ ಮನೆಯಲ್ಲಿದ್ದಳು. ಅವಳು ವಾಪಸ್ ಬರುವಷ್ಟರಲ್ಲಿ ನಾಲ್ಕು ವರ್ಷದ ತಂಗಿ ಮಿರಾನ್ ಇರಲಿಲ್ಲ. ಜ್ವರ ಬಂದು ಹೋಯಿತು ಎಂದರು. ಮಿರಾನ್‌ಳ ಬಟ್ಟೆಗಳನ್ನು ಆಗಲೇ ಸುಟ್ಟಾಗಿತ್ತು. ಮಗು ಹೋದ ಸಂಜೆಯೇ ಮಳೆ ಸುರಿದಿತ್ತಂತೆ. ಗದ್ದೆಯವರೆಲ್ಲ ಬೀದಿಗೆ ಬಂದು ನೆನೆಯುತ್ತಾ ಕುಣಿದಿದ್ದರಂತೆ.

"ರಾಜ ತಗೊಂಡ, ಮಳೆ ಕೊಟ್ಟ." ಮೊದಲು ಹಾಗೆಂದವಳು ಗೊಂಚೊನ್ ಚಿಕ್ಕಮ್ಮ. ಆಮೇಲೆ ಊರೆಲ್ಲ ಅದೇ ಮಾತಾಯಿತು. ಶಾಲೆಯಲ್ಲಿ ಜೊಂಗ್‌ಹೀಯ ಪಕ್ಕ ಕೂರಲು ಹುಡುಗಿಯರು ಹಿಂಜರಿದರು.

ಆ ಮಾತು ಆಡಿದ ಹೆಂಗಸೇ ಪ್ರತಿ ಸುಗ್ಗಿಯಲ್ಲೂ ಹೊಸ ಅಕ್ಕಿಯ ಮೊದಲ ಚೀಲ ತಂದು ಅವರ ಹೊಸ್ತಿಲಲ್ಲಿ ಇಡುತ್ತಿದ್ದಳು. ಅಮ್ಮ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದಳು. ಹದಿನೈದನೆಯ ವಯಸ್ಸಿನಲ್ಲಿ ಜೊಂಗ್‌ಹೀ ಒಮ್ಮೆ ಆ ಅನ್ನದ ಬಟ್ಟಲನ್ನು ನೆಲಕ್ಕೆ ಬಡಿದಿದ್ದಳು. ಅಮ್ಮ ಚೆಲ್ಲಿದ್ದನ್ನು ಬಳಿದು ತಾನೇ ತಿಂದಿದ್ದಳು.

*

ಬಸ್ಸು ಉದ್ಯಾನದ ಕಲ್ಲುಗೋಡೆಯ ಪಕ್ಕ ನಿಂತಿತು. ಕೇರಿಯನ್ನು ಕೆಡವಿ, ದಿಬ್ಬಗಳ ಸುತ್ತ ಹುಲ್ಲು ಬೆಳೆಸಿ, ಗೋಡೆ ಕಟ್ಟಿ ಎಷ್ಟೋ ವರ್ಷಗಳಾಗಿದ್ದವು. ಗ್ವಾಂಗ್‌ಸು ಭಾವಚಿತ್ರವನ್ನು ಗೋಡೆಯ ಕಡೆ ತಿರುಗಿಸಿ ಹಿಡಿದ. ಮಕ್ಕಳು, ಮೊಮ್ಮಕ್ಕಳು ಪಾದಚಾರಿ ಹಾದಿಯ ಮೇಲೆಯೇ ಚಾಪೆ ಹಾಸಿ ಎರಡು ಸಲ ಅಡ್ಡಬಿದ್ದರು. ಐಸ್‌ಕ್ರೀಂ ತಿನ್ನುತ್ತಾ ಬಂದ ಪ್ರವಾಸಿ ಹುಡುಗಿಯರು ತಟ್ಟನೆ ನಿಂತು, ಕೈ ಹಿಂದೆ ಮಾಡಿ ತಲೆ ತಗ್ಗಿಸಿದರು.

ಚಿಕ್ಕಮ್ಮ ಬಸ್ಸಿನಿಂದ ಇಳಿಯಲಿಲ್ಲ. ಕಿಟಕಿಯ ಪರದೆ ಎಳೆದುಕೊಂಡು ಕೂತಿದ್ದಳು.

ಜೊಂಗ್‌ಹೀ ಗೋಡೆಗೆ ಕೈ ಊರಿ ನಿಂತಳು. ಅಮ್ಮನ ಜೊತೆ ಅಗೆತದಲ್ಲಿ ದುಡಿದಿದ್ದ ಬಾಂಗ್ ಮಾವ ಕೋಲೂರಿಕೊಂಡು ಹತ್ತಿರ ಬಂದ. ಆ ಗುಂಪಿನಲ್ಲಿ ಈಗ ಉಳಿದವನು ಅವನೊಬ್ಬನೇ.

"ಬೆಳಿಗ್ಗೆ ಅವಳಿಗೆ ಹಂಗೆ ಅನ್ನಬಾರ್ದಿತ್ತಮ್ಮ ನೀನು," ಎಂದ.

"ಐವತ್ತು ವರ್ಷ ಅವರು ಅಂದ್ರಲ್ಲ ಮಾವ, ಅದು? ಅಮ್ಮನ ಕೈ ರಾಜನಿಗೆ ತಾಗಿ ಮಿರಾನ್ ಸತ್ಲು ಅಂತ ಊರಿಗೆಲ್ಲ ಸಾರಿದ್ದು ಯಾರು?"

ಬಾಂಗ್ ಮಾವ ಬಸ್ಸಿನ ಕಡೆ ನೋಡಿದ. ಸದ್ದು ತಗ್ಗಿಸಿದ. "ಅಗೆತಕ್ಕೆ ಬರೋವಾಗ ನಿಮ್ಮಮ್ಮ ಮಗೂನ ಎಲ್ಲಿ ಬಿಟ್ಟು ಬರ್ತಿದ್ಲು, ಗೊತ್ತಾ?"

ಜೊಂಗ್‌ಹೀಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ತಾನೂ ಕೇಳಿರಲಿಲ್ಲ.

"ಇವಳ ಹತ್ರ, ಗೊಂಚೊನ್‌ದವಳ ಹತ್ರ. ಆವತ್ತು ಮಗೂಗೆ ಬೆಳಿಗ್ಗೆಯಿಂದ ಮೈ ಬೆಚ್ಚಗಿತ್ತು. ನೀರು ಕುಡಿಸ್ತಾ ಇರು, ಜಾಸ್ತಿ ಆದ್ರೆ ನನ್ನ ಕರಿ ಅಂತ ಹೇಳಿ ಬಂದಿದ್ಲು ನಿಮ್ಮಮ್ಮ. ಮಧ್ಯಾಹ್ನ ದೊಣ್ಣೆ ಹಿಡ್ಕೊಂಡು ಬಂದೋರ ಜೊತೆ ಇವಳೂ ಎದ್ದು ಬಂದ್ಲು. ಅವರದ್ದೂ ಗದ್ದೆ ಒಣಗಿತ್ತು ನೋಡು. ಮಗು ಮಲಗಿದೆ ಅಂದ್ಕೊಂಡು ಬಾಗಿಲು ಹಾಕ್ಕೊಂಡು ಬಂದಿದ್ಲು. ಬೇಲಿ ಮುಂದೆ ಕೂಗ್ತಾ ಕೂಗ್ತಾ ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ. ವಾಪಸ್ ಹೋಗಿ ಬಾಗಿಲು ತೆಗೆದಾಗ..."



"ಅಮ್ಮಂಗೆ ಗೊತ್ತಿತ್ತಾ?"

"ಬೇಲಿ ಹಿಂದೆ ಜರಡಿ ಹಿಡ್ಕೊಂಡು ನಿಂತಿದ್ದೋಳು ಅವಳೇ ಅಲ್ವೇನಮ್ಮ? ಕೂಗೋರ ಮಧ್ಯೆ ಇವಳ ಮುಖ ಕಂಡಿದ್ದೇ ಜರಡಿ ಬಿಸಾಕಿ ಮನೆ ಕಡೆ ಓಡೋಕೆ ನೋಡಿದ್ಲು. ಆ ಗುಂಪು ದಾರಿ ಬಿಡ್ಲಿಲ್ಲ."

*

ಮಿರಾನ್‌ಳನ್ನು ಬೆಟ್ಟಕ್ಕೆ ಒಯ್ದು ಮುಚ್ಚಿ ಬಂದ ಕೆಲವೇ ದಿನಗಳಲ್ಲಿ ದಾಲ್‌ಸುನ್ ಕೆಲಸಕ್ಕೆ ಬಂದಳು. ನಾಚಿಕೆಗೆಟ್ಟವಳು ಎಂದು ಜನ ಬೇಲಿಯ ಆಚೆಗೆ ಸೇರಿದರು. ಗೊಂಚೊನ್‌ದವಳೂ ಬಂದಿದ್ದಳು. ಮುಖ ಬಿಳುಚಿತ್ತು. ಕೈಗಳು ಹೊಟ್ಟೆಯ ಮೇಲಿದ್ದವು. ಮೂರು ಸಲ ನಿಂತು ಮೂರು ಸಲವೂ ಹೋಗಿದ್ದ ಬಸಿರು ನಾಲ್ಕನೆಯ ಸಲ ಆರು ತಿಂಗಳು ದಾಟಿತ್ತು. ಮಿರಾನ್ ಹೋದ ದಿನದಿಂದ ಅವಳು ಅನ್ನ ಮುಟ್ಟಿರಲಿಲ್ಲ. ಒಂದು ಸಂಜೆ ಬಾವಿಯ ಕಟ್ಟೆಯ ಮೇಲೆ ಹತ್ತಿ ನಿಂತಿದ್ದವಳನ್ನು ಗಂಡ ಎಳೆದು ತಂದಿದ್ದ. ತಾನೇ ಹುಟ್ಟಿಸಿದ ಆ ಮಾತನ್ನು ಸಿಕ್ಕಸಿಕ್ಕವರ ಮುಂದೆಲ್ಲ ಹೇಳುತ್ತಿದ್ದಳು. ಅವಳೇ ಅದನ್ನು ನಂಬಿರಲಿಲ್ಲ.

ದಾಲ್‌ಸುನ್ ಜರಡಿ ಕೆಳಗಿಟ್ಟಳು. ಏಣಿಯಿಂದ ಅಗೆದ ಗುಂಡಿಗೆ ಇಳಿದು, ರಾಜ ಮಲಗಿದ್ದ ಕಲ್ಲುಗಳ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏಯ್ ರಾಜ!" ಅವಳ ದನಿ ಬೇಲಿಯಾಚೆಗೂ ಕೇಳಿತು. "ಅಷ್ಟು ವರ್ಷ ಮಲಗಿದ್ದೆಯಲ್ಲ, ಸಾಕಾಗ್ಲಿಲ್ವಾ ನಿನ್ನ ನಿದ್ದೆ? ನನ್ನ ಕೂಸು ಬರೀ ನಾಲ್ಕು ವರ್ಷದ್ದು. ಮುಟ್ಟಿದೋಳು ನಾನು, ಅದನ್ನ್ಯಾಕೆ ತಗೊಂಡೆ? ನೀನೇ ತಗೊಂಡೆ ಅಂತ ನಂಗೆ ಗೊತ್ತು. ಊರಿಗೆಲ್ಲ ಹೇಳ್ತೀನಿ. ನೀನೇ! ನೀನೇ!"

ಬೇಲಿಯಾಚೆ ಗೊಂಚೊನ್‌ದವಳು ಕುಸಿದು ಕೂತು ದೊಡ್ಡದಾಗಿ ಅತ್ತಳು. ಅಂದು ಸಂಜೆ ಅವಳು ಊಟ ಮಾಡಿದಳು.

*

"ಆಮೇಲೆ ಒಂದು ದಿನ ನಾನು ಕೇಳಿದೆ," ಬಾಂಗ್ ಮಾವ ಹೇಳಿದ. "ಗಂಪೊದವಳೇ, ನಿಜವಾಗ್ಲೂ ರಾಜನೇ ಅಂತ ನಂಬ್ತೀಯಾ ಅಂತ. ಮಣ್ಣು ಜರಡಿ ಹಿಡೀತಾ ಇದ್ಲು, ತಲೆ ಎತ್ತಲಿಲ್ಲ. 'ಅವನು ಸತ್ತು ಸಾವಿರದೈನೂರು ವರ್ಷ ಆಯ್ತಣ್ಣ. ಅವನ ಮೇಲೆ ಎಷ್ಟು ಹೊರಿಸಿದ್ರೂ ತಡ್ಕೊಳ್ತಾನೆ. ಇವಳು ತಡ್ಕೊಳ್ಳಲ್ಲ' ಅಂದ್ಲು."

ಜೊಂಗ್‌ಹೀಗೆ ಗೋಡೆಯ ಕಲ್ಲು ಅಂಗೈಗೆ ತಣ್ಣಗೆ ಹತ್ತಿತು. ಬಸ್ಸಿನ ಮೆಟ್ಟಿಲ ಹತ್ತಿರ ಚಿಕ್ಕಮ್ಮನ ಮಗ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಕಿಟಕಿಯೊಳಗೆ ಕೊಡುತ್ತಿದ್ದ.

"ಆವತ್ತು ಹೊಟ್ಟೇಲಿದ್ದೋನು ಅವನೇ," ಎಂದ ಬಾಂಗ್ ಮಾವ.

*

ಬೆಟ್ಟದಲ್ಲಿ ಅಪ್ಪನ ಸಮಾಧಿಯ ಪಕ್ಕ ಗುಂಡಿ ತೋಡಿದ್ದರು. ಪೆಟ್ಟಿಗೆ ಇಳಿಸಿ, ಗ್ವಾಂಗ್‌ಸು ಮೊದಲ ಮಣ್ಣು ಹಾಕಿದ. ಮೂರು ದಿನ ನೆಟ್ಟಗೆ ನಿಂತಿದ್ದವನು ಸಲಿಕೆ ಮುಂದಿನವರಿಗೆ ಕೊಡುವಾಗ "ಅಮ್ಮಾ" ಎಂದು ಚಿಕ್ಕ ಹುಡುಗನ ಹಾಗೆ ಕೂಗಿಬಿಟ್ಟ. ಸುಣ್ಣ ಬೆರೆಸಿದ ಮಣ್ಣು ಗುಂಡಿಯಲ್ಲಿ ತುಂಬುತ್ತಾ ಬಂದಾಗ ಬಾಂಗ್ ಮಾವ ಕೋಲು ಬಡಿದು, ಸಮಾಧಿ ತುಳಿಯುವಾಗಿನ ಹಾಡಿನ ಮೊದಲ ಸಾಲು ಎತ್ತಿಕೊಂಡ. ಉಳಿದವರು ದನಿಗೂಡಿಸುತ್ತಾ ಸುತ್ತು ಬಂದು ಮಣ್ಣು ತುಳಿಯತೊಡಗಿದರು. ಸಡಿಲವಾಗಿ ಬಿಟ್ಟರೆ ಮಳೆಗಾಲಕ್ಕೆ ಕುಸಿಯುತ್ತದೆ.

ಚಿಕ್ಕಮ್ಮ ಮಗನ ತೋಳು ಬಿಡಿಸಿಕೊಂಡು ಬಂದಳು. ಎಂಬತ್ತರ ಹತ್ತಿರದ ಆ ಮುಖದಲ್ಲಿ ಬೆಳಗಿನ ರೋಷ ಇರಲಿಲ್ಲ. ಜೊಂಗ್‌ಹೀಯ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಒಂದು ಕೇಳ್ತೀನಿ, ಬೈಬೇಡ. ಇಷ್ಟು ದಿನ ನಿಮ್ಮಮ್ಮ ಇದ್ಲು. ಅವಳ ಮುಖ ನೋಡಿದ್ರೆ ನಂಗೆ ಧೈರ್ಯ ಬರ್ತಿತ್ತು. ಇನ್ಮೇಲೆ ಯಾರನ್ನ ಕೇಳ್ಲಿ?" ಅವಳು ಗುಂಡಿಯ ಕಡೆ ಒಮ್ಮೆ ನೋಡಿದಳು. "ಆ ಮಗೂನ... ರಾಜನೇ ಅಲ್ವೇನೇ ತಗೊಂಡಿದ್ದು?"

ಹಾಡು ನಡೆಯುತ್ತಲೇ ಇತ್ತು. ಬಾಗಿಲು ಮುಚ್ಚಿದ ಕೋಣೆಯೊಳಗೆ ನೀರು ಕೇಳಿರಬಹುದಾದ ತಂಗಿ ಜೊಂಗ್‌ಹೀಯ ಕಣ್ಣ ಮುಂದೆ ಬಂದಳು. ತನ್ನ ತೋಳು ಹಿಡಿದಿದ್ದ ಬೆರಳುಗಳು ಒಣಗಿದ ಕಡ್ಡಿಗಳ ಹಾಗಿದ್ದವು.

"ಹೌದು ಚಿಕ್ಕಮ್ಮ," ಎಂದಳು. "ರಾಜನೇ. ಅಮ್ಮನೂ ಹಾಗೇ ಹೇಳ್ತಿದ್ಲು."

ಚಿಕ್ಕಮ್ಮ ಅವಳ ತೋಳು ಬಿಟ್ಟಳು. ಆಮೇಲೆ ರಬ್ಬರ್ ಚಪ್ಪಲಿ ಕಳಚಿ, ಬಿಳಿ ಕಾಲುಚೀಲದಲ್ಲೇ ಹಸಿ ಮಣ್ಣಿನ ಮೇಲೆ ಹತ್ತಿದಳು. ಎಲ್ಲರ ಜೊತೆ ಹೆಜ್ಜೆ ಎತ್ತಿ ಇಟ್ಟಳು, ಎತ್ತಿ ಇಟ್ಟಳು. ಮೈ ಅಷ್ಟು ಹಗುರವಾಗಿತ್ತೆಂದರೆ ಅವಳು ಕಾಲಿಟ್ಟಲ್ಲಿ ಮಣ್ಣು ಒಂದಿಷ್ಟೂ ತಗ್ಗುತ್ತಿರಲಿಲ್ಲ, ಗುರುತೂ ಬೀಳುತ್ತಿರಲಿಲ್ಲ. ಅವಳು ಮತ್ತೆ ಮತ್ತೆ ಅದೇ ಜಾಗವನ್ನು ತುಳಿಯುತ್ತಿದ್ದಳು.

ಜೊಂಗ್‌ಹೀ ಚಪ್ಪಲಿ ಬಿಟ್ಟು ಅವಳ ಹಿಂದೆ ಹೋಗಿ ನಿಂತಳು. ಸೊಂಟವನ್ನು ಎರಡೂ ಕೈಯಿಂದ ಬಳಸಿ ಹಿಡಿದು, ಮುದುಕಿಯ ಕಾಲ ಪಕ್ಕ ತನ್ನ ಕಾಲು ಜೋಡಿಸಿದಳು. ಬಾಂಗ್ ಮಾವನ ಕೋಲು ಬಿದ್ದ ಕೂಡಲೇ ಇಬ್ಬರೂ ಒಟ್ಟಿಗೆ ಹೆಜ್ಜೆ ಊರಿದರು. ಕಾಲ ಕೆಳಗೆ ಮಣ್ಣು ಮೆಲ್ಲಗೆ ತಗ್ಗಿತು.